ಬರ್ಲಿನ್ ಪಟ್ಟಣದ ಆಟದ ಪೆಟ್ಟಿಗೆಗಳು

ಮೂವತ್ತೈದು ವರ್ಷಗಳಿಗೆ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ, ಈಚೆಗೆ ವಿಶ್ರಾಂತಿಯನ್ನು ಪಡೆದಿರುವ ನಮ್ಮಂಥವರು ಆಟದ ಯಂತ್ರಗಳನ್ನು ಕುರಿತು ಲೇಖನ ಬರೆಯಲು ಹೊರಟರೆ ವಾಚಕ ಮಹಾಶಯರಿಗೆ ನಗು ಬರುವುದು ಸಹಜವೇ ಸರಿ. ನಮ್ಮಲ್ಲಿ ಓದಿದವರು ಯಾರಾದರೂ ಈ ಪುಟವನ್ನು ತೆರೆದಲ್ಲಿ ಅವರಿಗೆ ನಗುವಿಗಿಂತ ಆಶ್ಚರ್ಯವೇ ಅಧಿಕವಾಗಬಹುದು. ಏಕೆಂದರೆ ಬಾಲಕರ ಜೇಬಿನಿಂದ ಗೋಲಿ, ಬುಗುರಿ, ಚಿತ್ರದ ಚೀಟಿಗಳನ್ನು ಕಸಿದುಕೊಂಡು ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿಯುವುದರಲ್ಲಿ ನಾವು ಪ್ರಸಿದ್ಧರಾಗಿದ್ದೆವು. ಆಟವೆಂದರೆ ಪಾಠಕ್ಕೆ ಶತ್ರುವೆಂಬುದು ನಮ್ಮ ಸಿದ್ಧಾಂತವಾಗಿತ್ತು. ಆ ಸಿದ್ಧಾಂತಕ್ಕೆ ಪೆಟ್ಟು ಬಿದ್ದುದು ಹೇಗೆಂಬುದನ್ನೂ, ಆ ಪೆಟ್ಟಿನಿಂದ ನಮ್ಮ ಒಂದು ಹಳೆಯ ಅಪರಾಧವು ಎಚ್ಚೆತ್ತು ಬಂದುದನ್ನೂ ಇಲ್ಲಿ ಯಥಾವತ್ತಾಗಿ ನಿವೇದಿಸುವೆವು.

ನಮ್ಮ ಮಗಳೂ ಅಳಿಯನೂ ಉದ್ಯೋಗನಿಮಿತ್ತವಾಗಿ ಜರ್ಮನಿ ದೇಶದ ರಾಜಧಾನಿಯಾದ ಬರ್ಲಿನ್ ಪಟ್ಟಣದಲ್ಲಿ ಸಂಸಾರ ಹೂಡಿರುವರು. ಅವರ ಕರೆಯನ್ನು ಮನ್ನಿಸಿ ನಾವೂ ನಮ್ಮ ಗೃಹಿಣಿಯೂ ಹೋದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿ ಎರಡು ತಿಂಗಳ ಕಾಲ ನಿಂತಿದ್ದೆವು. ಬರ್ಲಿನ್ ಎಂದರೆ ಸಂಸ್ಕೃತಾಭ್ಯಾಸಿಗಳಿಗೆ ಪುಣ್ಯಕ್ಷೇತ್ರದಂತೆ. ಅಲ್ಲಿಯ ರಾಜಗ್ರಂಥಾಲಯದ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿಯನ್ನು ಆಲ್ಬ್ರೆಕ್ಟ್ ವೇಬರ್ ಎಂಬ ಪಂಡಿತನು 1853ರಲ್ಲಿಯೇ ಅಚ್ಚು ಮಾಡಿಸಿದನು. ಪಿಂಗಳನ ಛಂದಃಶಾಸ್ತ್ರವನ್ನು ಕುರಿತು ಅವನು ಬರೆದ ಗ್ರಂಥವು 1863ರಲ್ಲಿ ಆ ಪಟ್ಟಣದಲ್ಲಿಯೇ ಪ್ರಕಟವಾಯಿತು. ಆದಕಾರಣ ಗ್ರಂಥಾಲಯಗಳಲ್ಲಿಯೇ ಕಾಲ ಕಳೆಯಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು.

ಆದರೆ ಮನೆಯಲ್ಲಿ ಒಂಬತ್ತು ವರ್ಷದ ಮೊಮ್ಮಗನಿರುವಾಗ ತಾತನ ಸಂಕಲ್ಪವೇನು ನಡೆದೀತು? ಗಣಕಯಂತ್ರದ ಆಟಗಳಿಗೆಂದೇ ಏರ್ಪಡಿಸಿರುವ ಪ್ರದರ್ಶನಶಾಲೆಯೊಂದು ಆ ಪಟ್ಟಣದಲ್ಲಿ ಇರುವುದೆಂದೂ, ಅದನ್ನು ನೋಡದೆ ಊರಿಗೆ ಮರಳಕೂಡದೆಂದೂ ಅವನು ಹಟ ಹಿಡಿದನು. "ಅದು ನೋಡುವ ಜಾಗವಲ್ಲ ತಾತ, ಆಡುವ ಜಾಗ. ನೀನೂ ಆಡಬೇಕು" ಎಂದು ಷರತ್ತನ್ನೂ ಹಾಕಿದನು. ನಮ್ಮ ಗೃಹಿಣಿಯು "ಮೂವತ್ತೈದು ವರ್ಷ ಮಕ್ಕಳ ಆಟ ಕಿತ್ತುಕೊಂಡದ್ದಾಯಿತು, ಇನ್ನು ಸ್ವಲ್ಪ ಆಡಿ ಬನ್ನಿ" ಎಂದು ನಗುತ್ತಲೇ ಅಪ್ಪಣೆ ಕೊಟ್ಟಳು. ನಾವೂ ಅಳಿಯನೂ ಮೊಮ್ಮಗನೂ ಒಂದು ಶನಿವಾರ ಬೆಳಿಗ್ಗೆ ಸುರಂಗದ ರೈಲಿನಲ್ಲಿ ಹೊರಟು ವೇಬರ್‌ವೀಸೆ ಎಂಬ ನಿಲ್ದಾಣದಲ್ಲಿ ಇಳಿದೆವು.

ಅಲ್ಲಿ ಕಾರ್ಲ್ ಮಾರ್ಕ್ಸ್ ಆಲೇ ಎಂಬ ರಾಜಬೀದಿಯಿರುವುದು. ಪೂರ್ವ ಜರ್ಮನಿಯ ಸಮತಾವಾದಿ ಸರ್ಕಾರವು 1950ರ ದಶಕದಲ್ಲಿ ಕೂಲಿಕಾರರ ವಾಸಕ್ಕೆಂದು ಅರಮನೆಗಳಂತಹ ಮನೆಗಳನ್ನು ಎರಡು ಸಾಲಾಗಿ ಕಟ್ಟಿಸಿ, ಮೊದಲಿಗೆ ಸ್ಟಾಲಿನ್ನನ ಹೆಸರನ್ನೂ, 1961ರಲ್ಲಿ ಅದನ್ನು ಅಳಿಸಿ ಮಾರ್ಕ್ಸನ ಹೆಸರನ್ನೂ ಈ ಬೀದಿಗೆ ಇಟ್ಟಿತು. ಇಂತಹ ಗಂಭೀರವಾದ ಬೀದಿಯಲ್ಲಿ ಆಟಿಕೆಗಳ ಶಾಲೆಯಿರುವುದು ಕಾಲದ ವಿನೋದವೆಂದೇ ಹೇಳಬೇಕು. 1997ರಲ್ಲಿ ಆರಂಭವಾದ ಈ ಪ್ರದರ್ಶನಶಾಲೆಯು 2011ರ ಜನವರಿಯಲ್ಲಿ ಈಗಿರುವ ಸ್ಥಳದಲ್ಲಿ ಹೊಸದಾಗಿ ಬಾಗಿಲು ತೆರೆಯಿತು.

ನಮ್ಮ ದೇಶದ ವಸ್ತುಸಂಗ್ರಹಾಲಯಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು 'ಮುಟ್ಟಬಾರದು' ಎಂಬ ಫಲಕವಷ್ಟೆ. ಇಲ್ಲಿಯಾದರೋ ಕಾವಲಿನವರು ಮುಟ್ಟದವರನ್ನೇ ಅನುಮಾನದಿಂದ ನೋಡುವರೋ ಎನ್ನಿಸುವಂತಿತ್ತು. ಹಳೆಯ ಯಂತ್ರಗಳ ಮುಂದೆ ನರೆಗೂದಲಿನ ತಾತಂದಿರು ಪೀಠ ಹಾಕಿಕೊಂಡು ಗುಂಡಿಗಳನ್ನು ಒತ್ತುತ್ತಿದ್ದರು. ಅವರ ಹೆಗಲ ಮೇಲಿಂದ ಮೊಮ್ಮಕ್ಕಳು ಇಣಿಕಿ ನೋಡಿ ತಪ್ಪುಗಳನ್ನು ತಿದ್ದುತ್ತಿದ್ದರು. ಗುರುಶಿಷ್ಯರ ಸ್ಥಾನವು ಹೀಗೆ ತಲೆಕೆಳಗಾದುದನ್ನು ಕಂಡು ನಮಗೆ ಸ್ವಲ್ಪ ಸಂಕೋಚವೇ ಆಯಿತು.

ಅಲ್ಲಿ ನಮ್ಮನ್ನು ಮೊದಲು ಹಿಡಿದು ನಿಲ್ಲಿಸಿದುದು ನಿಮ್ರಾಡ್ ಎಂಬ ಯಂತ್ರದ ಪ್ರತಿಕೃತಿ. ಮೂಲಯಂತ್ರವನ್ನು ಇಂಗ್ಲೆಂಡಿನ ಫೆರಾಂಟಿ ಕಂಪೆನಿಯವರು 1951ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆಂದು ಮಾಡಿದರು. ಹನ್ನೆರಡು ಅಡಿ ಅಗಲ, ಒಂಬತ್ತು ಅಡಿ ಆಳ, ಐದು ಅಡಿ ಎತ್ತರದ ಆ ಕಾಯಕ್ಕೆ ತಿಳಿದಿದ್ದ ವಿದ್ಯೆ ಒಂದೇ: ನಿಮ್ ಎಂಬ ಆಟವನ್ನು ಆಡುವುದು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಅದನ್ನು ಬರ್ಲಿನ್ನಿನ ಕೈಗಾರಿಕಾ ಪ್ರದರ್ಶನಕ್ಕೆ ತಂದಾಗ, ಪಶ್ಚಿಮ ಜರ್ಮನಿಯ ಅರ್ಥಮಂತ್ರಿಯಾಗಿದ್ದ ಲುಡ್ವಿಗ್ ಎರ್ಹಾರ್ಡನೇ ಅದರೊಡನೆ ಆಡಿ ಸೋತನು.

ಈ ನಿಮ್ ಎಂಬ ಆಟವನ್ನು ನಮ್ಮ ಗೃಹಿಣಿಯರು ಹುಣಸೆಬೀಜಗಳಿಂದ ಮನೆಯಲ್ಲಿಯೇ ಆಡಬಹುದು. ಕೆಲವು ಗುಂಪುಗಳಾಗಿ ಬೀಜಗಳನ್ನು ಇಡಬೇಕು. ಇಬ್ಬರು ಸರದಿಯ ಮೇಲೆ, ತಮಗೆ ಬೇಕಾದ ಯಾವುದಾದರೂ ಒಂದೇ ಗುಂಪಿನಿಂದ, ಎಷ್ಟು ಬೀಜಗಳನ್ನಾದರೂ ತೆಗೆಯಬಹುದು, ಒಂದನ್ನಾದರೂ ತೆಗೆಯಲೇಬೇಕು. ಕಡೆಯ ಬೀಜವನ್ನು ತೆಗೆದವರು ಗೆದ್ದಂತೆ. ಇದರಲ್ಲಿ ಅದೃಷ್ಟಕ್ಕೆ ಲೇಶವೂ ಎಡೆಯಿಲ್ಲ. 1901ರಲ್ಲಿ ಅಮೆರಿಕದ ಚಾರ್ಲ್ಸ್ ಬೌಟನ್ ಎಂಬ ಗಣಿತಜ್ಞನು ಇದರ ಮರ್ಮವನ್ನು ಭೇದಿಸಿ ಪ್ರಕಟಿಸಿದನು. ಆ ಮರ್ಮವನ್ನು ಅಳಿಯನು ಕಾಗದದ ಮೇಲೆ ಒಂದು ಮತ್ತು ಸೊನ್ನೆಗಳಿಂದ ಬರೆದು ತೋರಿಸಲು, ನಮಗೆ ಅದು ಹೊಸದಾಗಿ ತೋರಲಿಲ್ಲ. ಒಂದನ್ನು ಗುರುವೆಂದೂ ಸೊನ್ನೆಯನ್ನು ಲಘುವೆಂದೂ ಓದಿಕೊಂಡರೆ ಅದು ನಾವು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದು ಬರೆದು ಸವೆದುಹೋದ ಪ್ರಸ್ತಾರವೇ ಆಗಿತ್ತು! ಮೂರು ಅಕ್ಷರಗಳ ಸ್ಥಾನದಲ್ಲಿ ಗುರು ಲಘುಗಳನ್ನು ಬದಲಿಸುತ್ತ ಹೋದರೆ ಎಂಟು ಗಣಗಳಾಗುವುವೆಂದು ಎಂಟನೆಯ ತರಗತಿಯ ಬಾಲಕನೂ ಬಲ್ಲನು. ಆ ಯಂತ್ರದ ಲೆಕ್ಕವೂ ಇಂತಹುದೇ.

ದೃಷ್ಟಾಂತಕ್ಕೆ ಒಂದು, ಎರಡು, ಮೂರು ಬೀಜಗಳ ಮೂರು ಗುಂಪುಗಳನ್ನು ಇಟ್ಟುಕೊಳ್ಳೋಣ. ಎಡಗಡೆಯದು ಎರಡರ ಸ್ಥಾನ, ಬಲಗಡೆಯದು ಒಂದರ ಸ್ಥಾನ. ಒಂದೆಂಬುದು 'ಲಘು ಗುರು', ಎರಡೆಂಬುದು 'ಗುರು ಲಘು', ಎರಡೂ ಒಂದೂ ಸೇರಿದ ಮೂರೆಂಬುದು 'ಗುರು ಗುರು'. ಇವುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಪ್ರತಿಯೊಂದು ಸ್ಥಾನದಲ್ಲಿಯೂ ಎರಡೆರಡು ಗುರುಗಳು ಬರುವುವು. ಹೀಗೆ ಎಲ್ಲ ಸ್ಥಾನಗಳಲ್ಲಿಯೂ ಗುರುಗಳು ಸಮಸಂಖ್ಯೆಯಾಗಿರುವಾಗ ಯಾರ ಸರದಿ ಬರುವುದೋ ಅವರು, ಎದುರಾಳಿಯು ಎಚ್ಚರ ತಪ್ಪದಿದ್ದಲ್ಲಿ, ಸೋಲಲೇಬೇಕು. ಮಗಳ ಅಡಿಗೆಮನೆಯ ಹುಣಸೆಯುಂಡೆಯಿಂದ ಬೀಜಗಳನ್ನು ಆರಿಸಿಕೊಂಡು ಆ ರಾತ್ರಿ ನಾವು ಮೊಮ್ಮಗನನ್ನು ಐದು ಸಲ ಸೋಲಿಸಿದೆವು. ಆರನೆಯ ಸಲ ಅವನೇ ಮರ್ಮವನ್ನು ಹಿಡಿದು ನಮ್ಮನ್ನು ಸೋಲಿಸಿದನು. ಪಿಂಗಳಾಚಾರ್ಯನು ಗಣಕಯಂತ್ರವನ್ನು ಮುಂದಾಗಿ ಕಂಡಿದ್ದನೆಂದು ಜಂಬ ಕೊಚ್ಚುವವರ ಗುಂಪಿಗೆ ನಾವು ಸೇರಿದವರಲ್ಲ. ಅವನು ಕಂಡುದು ಛಂದಸ್ಸನ್ನು. ಬೌಟನ್ ಕಂಡುದು ಆಟವನ್ನು. ಒಂದೇ ದಾರವು ಎರಡರಲ್ಲಿಯೂ ಹಾದುಹೋಗಿರುವುದೆಂಬುದೇ ನಮಗೆ ಸಾಕಾದ ಸಂತೋಷ.

ಇದಾದ ಮೇಲೆ ನಮ್ಮ ಉದಾಸೀನವು ಕರಗಿತು. ಅಳಿಯನನ್ನು ಪ್ರಶ್ನಿಸುತ್ತ, ಗೋಡೆಯ ಬರಹಗಳನ್ನು ಓದಿಸಿ ಕೇಳುತ್ತ ನಡೆದೆವು. ಹಾಗೆ ತಿಳಿದುಬಂದುದರಲ್ಲಿ ನಮ್ಮನ್ನು ಬೆರಗುಗೊಳಿಸಿದ ಸಂಗತಿಯೆಂದರೆ ಇಂದು ಲೋಕವನ್ನೆಲ್ಲ ಆವರಿಸಿರುವ ಈ ಆಟಗಳ ವ್ಯಾಪಾರಕ್ಕೆ ಮೂಲವಾದುವುಗಳಲ್ಲಿ ಬಹುಭಾಗ, ಯಾರೋ ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ಕೈಗೆ ಸಿಕ್ಕ ಸಾಮಾನುಗಳನ್ನು ಜೋಡಿಸಿ ಮಾಡಿದ ಪೆಟ್ಟಿಗೆಗಳೆಂಬುದು.

1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯನ್ನು ನೋಡಲು ಬರುವ ಜನರಿಗೆ ಬೇಸರವಾಗದಿರಲೆಂದು ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿಯು, ವಿದ್ಯುತ್ತಿನ ಅಲೆಗಳನ್ನು ಪರೀಕ್ಷಿಸುವ ಐದಂಗುಲದ ಗಾಜಿನ ಮೇಲೆ ಒಂದು ಚುಕ್ಕೆಯನ್ನು ಚೆಂಡಿನಂತೆ ಹಾರಿಸಿ, ಇಬ್ಬರು ಟೆನ್ನಿಸ್ ಆಡುವಂತೆ ಏರ್ಪಡಿಸಿದನು. ಜನರು ಮಿಕ್ಕ ಘನವಾದ ಯಂತ್ರಗಳನ್ನೆಲ್ಲ ಬಿಟ್ಟು ಇದರ ಮುಂದೆ ಸಾಲುಗಟ್ಟಿ ನಿಂತರು. 1962ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದ ತರುಣರು ಸ್ಪೇಸ್‌ವಾರ್ ಎಂಬ ಆಕಾಶಯುದ್ಧದ ಆಟವನ್ನು ರಚಿಸಿದರು. ಯಂತ್ರದ ಗುಂಡಿಗಳನ್ನು ತಿರುಗಿಸಿ ತಿರುಗಿಸಿ ಮೊಣಕೈ ನೋಯಲಾಗಿ, ಅವರಲ್ಲಿ ಇಬ್ಬರು ತಮ್ಮ ಆಟಿಕೆ ರೈಲಿನ ಸಂಘದಲ್ಲಿ ಬಿದ್ದಿದ್ದ ಬಿಡಿಭಾಗಗಳಿಂದ ಕೈಯಲ್ಲಿ ಹಿಡಿಯುವ ಪೆಟ್ಟಿಗೆಗಳನ್ನು ಮಾಡಿಕೊಂಡರು. ಇಂದು ಮಕ್ಕಳ ಕೈಯಲ್ಲಿರುವ ಆಟದ ಹಿಡಿಗಳ ಪೂರ್ವಜರು ಇವೇ.

ಎಲ್ಲಕ್ಕಿಂತ ನಮ್ಮ ಮನಸ್ಸನ್ನು ಕಲಕಿದುದು ರಾಲ್ಫ್ ಬೇರ್ ಎಂಬವನ ಚರಿತ್ರೆ. ಅವನು 1922ರಲ್ಲಿ ಈ ಜರ್ಮನಿಯಲ್ಲಿಯೇ, ಯಹೂದಿ ಕುಲದಲ್ಲಿ ಹುಟ್ಟಿದನು. ನಾಟ್ಸಿಗಳ ಆಳ್ವಿಕೆಯಲ್ಲಿ, ಯಹೂದಿಯೆಂಬ ಒಂದೇ ಕಾರಣಕ್ಕಾಗಿ ಬಾಲಕನನ್ನು ಶಾಲೆಯಿಂದ ಹೊರದೂಡಿದರು. 1938ರಲ್ಲಿ ಕುಟುಂಬದವರು ಅಮೆರಿಕಕ್ಕೆ ಓಡಿಹೋಗಿ ಪ್ರಾಣ ಉಳಿಸಿಕೊಂಡರು. ಅಲ್ಲಿ ಅವನು ಅಂಚೆಯ ಮೂಲಕ ರೇಡಿಯೋ ವಿದ್ಯೆಯನ್ನು ಕಲಿತು, ರೇಡಿಯೋ ರಿಪೇರಿ ಮಾಡಿ ಜೀವಿಸಿದನು. 1966ರಲ್ಲಿ, ಮನೆಮನೆಯಲ್ಲಿಯೂ ಇರುವ ಟೆಲಿವಿಷನ್ನನ್ನು ಸುಮ್ಮನೆ ನೋಡುವುದರ ಬದಲು ಅದರೊಡನೆ ಆಡಬಾರದೇಕೆ ಎಂಬ ಆಲೋಚನೆ ಅವನಿಗೆ ಹೊಳೆಯಿತು. ಇಬ್ಬರು ಜೊತೆಗಾರರೊಡನೆ ಒಂದಾದಮೇಲೊಂದು ಮಾದರಿಗಳನ್ನು ಮಾಡಿ, ಕಡೆಗೆ ಮರದ ಬಣ್ಣದ ಅಂಟುಹಾಳೆಯನ್ನು ಮೆತ್ತಿದ ಒಂದು ಪೆಟ್ಟಿಗೆಯನ್ನು ಸಿದ್ಧಪಡಿಸಿದನು. ಅದೇ 1972ರಲ್ಲಿ ಮ್ಯಾಗ್ನಾವಾಕ್ಸ್ ಒಡಿಸ್ಸಿ ಎಂಬ ಹೆಸರಿನಿಂದ, ಮನೆಯಲ್ಲಿಟ್ಟು ಆಡುವ ಮೊದಲನೆಯ ವಿಡಿಯೋ ಆಟವಾಗಿ ಅಂಗಡಿಗೆ ಬಂದಿತು. 2014ರಲ್ಲಿ ತೀರಿಕೊಂಡಾಗ ಅವನಿಗೆ ತೊಂಬತ್ತೆರಡು ವರ್ಷ. ಆ ಬಾಲಕನನ್ನು ತರಗತಿಯಿಂದ ಎಬ್ಬಿಸಿ ಕಳುಹಿಸಿದ ದಿವಸ, ಯಾವನೋ ಒಬ್ಬ ಉಪಾಧ್ಯಾಯನು ಪುಸ್ತಕವನ್ನು ತೆರೆದು ಪಾಠವನ್ನು ಮುಂದುವರಿಸಿರಬೇಕಲ್ಲವೆ ಎಂದು ಯೋಚಿಸಿ ನಾವು ಸ್ವಲ್ಪ ಹೊತ್ತು ಅಲ್ಲಿಯೇ ನಿಂತುಬಿಟ್ಟೆವು.

ಅಷ್ಟರಲ್ಲಿ ಮೊಮ್ಮಗನು ಕೈಹಿಡಿದು ಪಾಂಗ್ ಎಂಬ ಆಟಕ್ಕೆ ಎಳೆದುಕೊಂಡು ಹೋದನು. ಕತ್ತಲೆಯ ತೆರೆಯ ಮೇಲೆ ಎರಡು ಬಿಳಿಯ ಗೆರೆಗಳು, ನಡುವೆ ಒಂದು ಬಿಳಿಯ ಚುಕ್ಕೆ. ಗುಬಟವನ್ನು ತಿರುಗಿಸಿ ಗೆರೆಯನ್ನು ಮೇಲೆ ಕೆಳಗೆ ಸರಿಸಿ ಚುಕ್ಕೆಯನ್ನು ಹಿಂದಿರುಗಿಸಬೇಕು. ಇಷ್ಟೇ ಆಟ. ನಾವು ಹೀನಾಯವಾಗಿ ಸೋತೆವು. ಆದರೂ ಇನ್ನೊಮ್ಮೆ ಆಡೋಣವೆಂದು ನಾವೇ ಹೇಳಿದುದನ್ನು ಕೇಳಿ ಅಳಿಯನು ಮುಖ ತಿರುಗಿಸಿಕೊಂಡು ನಕ್ಕನು.

ಈ ಆಟದ ಚರಿತ್ರೆಯನ್ನೂ ಅಳಿಯನೇ ಹೇಳಿದನು. 1972ರಲ್ಲಿ ಹೊಸದಾಗಿ ಹುಟ್ಟಿದ್ದ ಅಟಾರಿ ಕಂಪೆನಿಯ ಆಲ್ ಆಲ್ಕಾರ್ನ್ ಎಂಬ ತರುಣನು, ಅಂಗಡಿಯಿಂದ ಒಂದು ಸಾಮಾನ್ಯ ಟೆಲಿವಿಷನ್ನನ್ನು ಕೊಂಡುತಂದು, ಅದನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ನಾಣ್ಯ ಹಾಕುವ ಕಂಡಿಯನ್ನು ಜೋಡಿಸಿ, ಕ್ಯಾಲಿಫೋರ್ನಿಯದ ಸನಿವೇಲ್ ಊರಿನ ಒಂದು ಪಾನಗೃಹದಲ್ಲಿ ಪರೀಕ್ಷಾರ್ಥವಾಗಿ ಇರಿಸಿದನಂತೆ. ಕೆಲವು ದಿವಸಗಳಲ್ಲಿ ಯಂತ್ರ ಕೆಟ್ಟುನಿಂತಿತೆಂದು ಹೇಳಿಕಳುಹಿಸಿದರು. ಅವನು ಹೋಗಿ ಬಾಗಿಲು ತೆರೆದು ನೋಡಲಾಗಿ, ಕೆಟ್ಟುದು ಯಾವುದೂ ಇಲ್ಲ; ಒಳಗಿನ ಡಬ್ಬಿಯಲ್ಲಿ ನಾಣ್ಯಗಳು ತುಂಬಿ ತುಳುಕಿ, ಇನ್ನೊಂದು ನಾಣ್ಯಕ್ಕೆ ಎಡೆಯಿಲ್ಲದೆ ಯಂತ್ರ ನಿಂತಿತ್ತು! ಈ ಮಾತನ್ನು ಕೇಳಿ ಮೊಮ್ಮಗನು ಚಪ್ಪಾಳೆ ತಟ್ಟಿದನು. ನಾವು ಮಾತ್ರ ನಗಲಾರದೆ ಹೋದೆವು. ಏಕೆಂದರೆ ನಾಣ್ಯ ತುಂಬಿದ ಇನ್ನೊಂದು ಡಬ್ಬಿಯು ಆ ಕ್ಷಣದಲ್ಲಿ ನಮ್ಮ ಕಣ್ಣೆದುರಿಗೆ ಬಂದು ನಿಂತಿತು.

ಅದು 1996ರ ಮಾತು. ನಮಗಾಗ ಮೂವತ್ತೊಂದು ವರ್ಷ. ನ್ಯಾಯಾನ್ಯಾಯಗಳೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಸ್ಪಷ್ಟವಾಗಿ ಕಾಣುವ ವಯಸ್ಸು. ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಬಡವರ ಮನೆಯ ಹುಡುಗನೊಬ್ಬನಿದ್ದನು. ಅವನ ಹೆಸರು ಇಲ್ಲಿ ಬೇಡ. ಶಬ್ದರೂಪಗಳು ಅವನ ನಾಲಗೆಗೆ ಹತ್ತುತ್ತಿರಲಿಲ್ಲ. ಆದರೆ ಅವನು ಚಹದ ಪೆಟ್ಟಿಗೆಯ ಹಲಗೆಗಳಿಂದ ಒಂದು ಆಟವನ್ನು ಮಾಡಿದ್ದನು. ಹಾವಿನಂತೆ ಬಳುಕಿಸಿದ ಒಂದು ತಾಮ್ರದ ತಂತಿ. ಅದಕ್ಕೆ ಪೋಣಿಸಿದ ತಂತಿಯ ಬಳೆ. ಒಳಗೆ ಎರಡು ಸೆಲ್ಲು, ಹೊರಗೆ ಟಾರ್ಚಿನ ಒಂದು ಬಲ್ಬು. ಬಳೆಯನ್ನು ತಂತಿಗೆ ತಾಕಿಸದೆ ಈ ಕೊನೆಯಿಂದ ಆ ಕೊನೆಗೆ ಒಯ್ಯಬೇಕು. ತಾಕಿತೋ, ದೀಪ ಹೊತ್ತಿಕೊಂಡು ಆಡಿದವನು ಸೋತನು. ಒಂದು ಸಲಕ್ಕೆ ನಾಲ್ಕಾಣೆ, ಗೆದ್ದವನಿಗೆ ಪೆಪ್ಪರಮೆಂಟು. ಶಾಲೆಯ ಹಿಂದಿನ ಹುಣಸೆಮರದ ಕೆಳಗೆ ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಮುಗಿಬೀಳುತ್ತಿದ್ದರು.

ನಾವು ಅದನ್ನು ಜೂಜೆಂದು ನಿರ್ಣಯಿಸಿದೆವು. ಪೆಟ್ಟಿಗೆಯನ್ನು ತರಗತಿಗೆ ತರಿಸಿ, ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ಜೂಜುಗಾರನ ಪರಿತಾಪವನ್ನೂ, ತಾರೆಕಾಯಿಯ ದಾಳಗಳು ಮನೆ ಮುರಿಯುವ ಬಗೆಯನ್ನೂ, ಧರ್ಮರಾಜನು ರಾಜ್ಯವನ್ನೂ ಹೆಂಡತಿಯನ್ನೂ ಪಣವಿಟ್ಟುದನ್ನೂ ಮುಕ್ಕಾಲು ಗಂಟೆ ವರ್ಣಿಸಿ, ಎಲ್ಲರೂ ನೋಡುತ್ತಿರುವಂತೆ ಅದನ್ನು ನೆಲಕ್ಕೆ ಅಪ್ಪಳಿಸಿ ಒಡೆದೆವು. ಅವನ ಪೌಡರು ಡಬ್ಬಿಯಲ್ಲಿದ್ದ ಹಣವನ್ನು ಎಣಿಸಿದರೆ ಹನ್ನೊಂದು ರೂಪಾಯಿ ಇಪ್ಪತ್ತೈದು ಪೈಸೆ. ಅದನ್ನು ಬಡವಿದ್ಯಾರ್ಥಿಗಳ ನಿಧಿಗೆ ಸೇರಿಸಿಬಿಟ್ಟೆವು; ಅವನಿಗಿಂತ ಬಡವಿದ್ಯಾರ್ಥಿ ಆ ಶಾಲೆಯಲ್ಲಿ ಇನ್ನೊಬ್ಬನಿರಲಿಲ್ಲವೆಂಬುದು ನಮಗಾಗ ಹೊಳೆಯಲಿಲ್ಲ. ದಸರೆಯ ರಜೆ ಕಳೆದ ಮೇಲೆ ಅವನು ಶಾಲೆಗೆ ಬರಲಿಲ್ಲ. ನಾವೂ ವಿಚಾರಿಸಲಿಲ್ಲ.

ಒಂದೇ ಬಗೆಯ ನಾಣ್ಯದ ಡಬ್ಬಿ: ಅಲ್ಲಿ ಅದನ್ನು ತೆರೆದವನು ಹೊಸ ಕಸುಬಿನ ಉದಯವನ್ನು ಕಂಡನು, ಇಲ್ಲಿ ಅದನ್ನು ತೆರೆದವನು ಅಪರಾಧದ ಸಾಕ್ಷ್ಯವನ್ನು ಕಂಡನು. ಕೌಶಲದಿಂದ ಗೆಲ್ಲುವ ಆಟಕ್ಕೂ ದಾಳವನ್ನು ನಂಬಿ ಪಣವಿಡುವ ದ್ಯೂತಕ್ಕೂ ಇರುವ ಭೇದವನ್ನು ಶಾಸ್ತ್ರವೋದಿದ ನಾವೇ ಮರೆತಿದ್ದೆವು. ಸಂಸ್ಕೃತದ ಶ್ರೇಷ್ಠ ನಾಟಕಗಳಲ್ಲೊಂದಾದ ಮೃಚ್ಛಕಟಿಕಕ್ಕೆ ಆ ಹೆಸರು ಬಂದುದು ಒಂದು ಮಗುವಿನ ಮಣ್ಣಿನ ಬಂಡಿಯಿಂದಲ್ಲವೆ? ಅದನ್ನು ಎಷ್ಟೋ ಸಲ ಪಾಠ ಹೇಳಿದ ಬಾಯಿಯೇ ಹಲಗೆಯ ಪೆಟ್ಟಿಗೆಯೊಂದನ್ನು ಪಾಪವೆಂದು ಕರೆದಿತ್ತು.

ಮಿಕ್ಕುದನ್ನು ನಾವು ಭಾರವಾದ ಮನಸ್ಸಿನಿಂದಲೇ ನೋಡಿದೆವು. ಅಲ್ಲಿ ಪಾಲಿಪ್ಲೇ ಎಂಬ ಪೂರ್ವ ಜರ್ಮನಿಯ ಯಂತ್ರವಿರುವುದು. ಪರದೇಶದ ಯಂತ್ರಗಳು ಸಿಕ್ಕದ ಕಾಲದಲ್ಲಿ, 1980ರ ದಶಕದ ಮಧ್ಯಭಾಗದಲ್ಲಿ, ಈಗ ಕೆಮ್ನಿಟ್ಸ್ ಎನಿಸಿರುವ ಊರಿನ ಸರ್ಕಾರಿ ಕಾರ್ಖಾನೆಯವರು ಇದನ್ನು ತಾವೇ ಮಾಡಿಕೊಂಡರು. ಒಂದೇ ಪೆಟ್ಟಿಗೆಯಲ್ಲಿ ಎಂಟು ಆಟಗಳು. ಅವುಗಳಲ್ಲೊಂದು ಜಪಾನಿನ ಪ್ಯಾಕ್‌ಮ್ಯಾನ್ ಆಟದ ಅನುಕರಣವಾದರೂ ಅದರಲ್ಲಿ ಮೊಲವನ್ನು ತೋಳಗಳು ಅಟ್ಟಿಸಿಕೊಂಡು ಬರುವುವು. ಅದರಾಚೆ ಪೇನ್‌ಸ್ಟೇಷನ್ ಎಂಬ ವಿಚಿತ್ರ ಪೆಟ್ಟಿಗೆ. ಕಲೋನ್ ಊರಿನ ಇಬ್ಬರು ಕಲಾವಿದ್ಯಾರ್ಥಿಗಳು 2001ರಲ್ಲಿ ಕೈಯಾರೆ ಮಾಡಿದ ಇದರಲ್ಲಿ ಆಟವೇನೋ ಅದೇ ಪಾಂಗ್. ಆದರೆ ಚೆಂಡನ್ನು ತಪ್ಪಿಸಿಕೊಂಡವನ ಎಡಗೈಗೆ ಬಿಸಿ, ವಿದ್ಯುತ್ತಿನ ಚುರುಕು, ಸಣ್ಣ ಚಾಟಿಯ ಏಟು ಬೀಳುವುವು. ಕೈಯನ್ನು ಹಿಂದಕ್ಕೆ ಎಳೆದುಕೊಂಡವನು ಸೋತನು. ಮಕ್ಕಳಿಗೆ ಅದನ್ನು ಮುಟ್ಟಗೊಡುವುದಿಲ್ಲ. ನಾವೂ ಮುಟ್ಟಲಿಲ್ಲ, ಆ ದಿವಸಕ್ಕೆ ನಮಗೆ ಬಿದ್ದಿದ್ದ ಏಟು ಸಾಕಾಗಿತ್ತು.

ಮರುದಿವಸ ಅಳಿಯನು ತನ್ನ ಕಛೇರಿಯ ಜೊತೆಗಾರನೊಬ್ಬನ ಮನೆಗೆ ನಮ್ಮನ್ನು ಕರೆದೊಯ್ದನು. ಆ ಜರ್ಮನ್ ಗೃಹಸ್ಥನು ತನ್ನ ಮನೆಯ ನೆಲಮಾಳಿಗೆಯಲ್ಲಿ ಇಂತಹ ಯಂತ್ರವೊಂದನ್ನು ತಾನೇ ಕಟ್ಟಿರುವನು. ಪ್ಲೈವುಡ್ಡಿನ ಹಲಗೆಯನ್ನು ಆಳೆತ್ತರಕ್ಕೆ ಕೊಯ್ದು, ಯಾರೋ ಬೀದಿಗೆ ಹಾಕಿದ್ದ ಹಳೆಯ ತೆರೆಯನ್ನು ಅದರಲ್ಲಿ ಕೂರಿಸಿ, ಗುಂಡಿಗಳನ್ನೂ ಹಿಡಿಯನ್ನೂ ಜೋಡಿಸಿರುವನು. ಪೆಟ್ಟಿಗೆಯ ಪಕ್ಕಗಳಿಗೆ ಬಣ್ಣ ಹಚ್ಚಿದವಳು ಅವನ ಮಗಳು. ಒ‍ಳಗಿನ ಮಿದುಳೆಂದರೆ ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣ ಗಣಕ. ರಾಸ್ಪ್‌ಬೆರಿ ಪೈ ಎಂಬ ಹೆಸರಿನ ಈ ಹಲಗೆಯನ್ನು ಇಂಗ್ಲೆಂಡಿನವರು ಮುಖ್ಯವಾಗಿ ಮಕ್ಕಳು ಗಣಕವಿದ್ಯೆಯನ್ನು ಕಲಿಯಲೆಂದು 2012ರಲ್ಲಿ ಹೊರತಂದರು. ಹಳೆಯ ಯಂತ್ರಗಳ ನಡವಳಿಕೆಯನ್ನು ಹೊಸ ಗಣಕದಲ್ಲಿ ಅನುಕರಿಸುವ ಮೇಮ್ ಎಂಬ ಸಾಧನವನ್ನು ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಆರಂಭಿಸಿ ಎಲ್ಲರಿಗೂ ಬಿಟ್ಟುಕೊಟ್ಟನು.

ಆ ಪೆಟ್ಟಿಗೆಯಲ್ಲಿ ನಾವು ಸ್ಪೇಸ್ ಇನ್‌ವೇಡರ್ಸ್ ಎಂಬ ಆಟವನ್ನಾಡಿದೆವು. ಆಕಾಶದಿಂದ ಸಾಲುಸಾಲಾಗಿ ಇಳಿಯುವ ಶತ್ರುಗಳನ್ನು ಹೊಡೆಯುತ್ತ ಹೋದಂತೆ ಉಳಿದವರು ಹೆಚ್ಚು ಹೆಚ್ಚು ವೇಗದಿಂದ ಮೇಲೆ ಬೀಳುವರು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ಇದನ್ನು ರಚಿಸಿದಾಗ ಈ ವೇಗವು ಅವನ ಉದ್ದೇಶವಾಗಿರಲಿಲ್ಲವಂತೆ. ತೆರೆಯ ಮೇಲೆ ಶತ್ರುಗಳು ಕಡಿಮೆಯಾದಂತೆ ಯಂತ್ರಕ್ಕೆ ಚಿತ್ರ ಬರೆಯುವ ಹೊರೆ ಕಡಿಮೆಯಾಗಿ, ಮಿಕ್ಕವುಗಳನ್ನು ಅದು ಬೇಗಬೇಗನೆ ಬರೆಯಿತು. ಯಂತ್ರದ ಕೊರತೆಯೇ ಆಟದ ಪ್ರಾಣವಾಯಿತು.

ಆಟ ಮುಗಿದಮೇಲೆ ನಾವು ಆ ಗೃಹಸ್ಥನನ್ನು, "ಇದನ್ನು ಹೇಗೆ ಮಾಡಿದಿರಿ?" ಎಂದು ಕೇಳಿದೆವು. ಅಳಿಯನು ಭಾಷಾಂತರಿಸಿದನು. ಆ ಒಂದು ಪ್ರಶ್ನೆಗೆ ಅವನ ಮುಖವು ಅರಳಿದ ಬಗೆಯನ್ನು ನಾವು ಮರೆಯಲಾರೆವು. ಹಿಂಬಾಗಿಲನ್ನು ತೆಗೆದು, ಒಂದೊಂದು ತಂತಿಯನ್ನೂ ಮುಟ್ಟಿ ತೋರಿಸುತ್ತ, ಕೆಟ್ಟುಹೋದ ಮೊದಲಿನ ಎರಡು ಪೆಟ್ಟಿಗೆಗಳ ಕಥೆಯನ್ನೂ ಸೇರಿಸಿ ಒಂದು ಗಂಟೆ ಮಾತನಾಡಿದನು. ಕಾಫಿ ಆರಿತು. ಅರ್ಧಕ್ಕರ್ಧ ನಮಗೆ ಅರ್ಥವಾಗಲಿಲ್ಲ. ಆದರೆ ನಮ್ಮ ಉಪಾಧ್ಯಾಯವೃತ್ತಿಯಲ್ಲೆಲ್ಲ ಮಕ್ಕಳನ್ನು ಸಾವಿರಾರು ಪ್ರಶ್ನೆ ಕೇಳಿದ್ದರೂ, ಉತ್ತರ ನಮಗೆ ತಿಳಿಯದ ಇಂತಹ ಪ್ರಶ್ನೆಯನ್ನು ಒಂದು ಸಲವೂ ಕೇಳಿರಲಿಲ್ಲವೆಂಬುದು ಅಂದು ಅರಿವಾಯಿತು.

ಆಟವೆಲ್ಲವೂ ಅಮೃತವೆಂದು ನಾವು ಹೇಳಲು ಹೊರಟಿಲ್ಲ. ಆಟದ ಚಟವು ಮಿತಿಮೀರಿದರೆ ಅದು ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಪರಿಗಣಿಸಿ, 2022ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಅದನ್ನು ಸೇರಿಸಿರುವುದು. ಅಂತರ್ಜಾಲದಲ್ಲಿ ಹಣ ಕಟ್ಟಿ ಆಡುವ ಆಟಗಳಿಂದ ಮನೆಗಳು ಹಾಳಾಗುವುದನ್ನು ತಡೆಯಲು ನಮ್ಮ ಸಂಸತ್ತು 2025ರಲ್ಲಿ ಕಾಯಿದೆಯನ್ನು ಮಾಡಬೇಕಾಯಿತು. ಜೂಜುಗಾರನ ಪರಿತಾಪವು ಇಂದಿಗೂ ಹಳೆಯದಾಗಿಲ್ಲ. ಆದರೆ ಮಗುವಿನ ಕೈಯನ್ನು ಕಟ್ಟಿಹಾಕುವ ಆಟ ಬೇರೆ; ಮಗುವಿನ ಕೈಯಿಂದ ಹುಟ್ಟಿಬರುವ ಆಟ ಬೇರೆ. ಇವೆರಡನ್ನೂ ಒಂದೇ ಕೋಲಿನಿಂದ ಹೊಡೆಯುವುದು ಹಿರಿಯರ ಅವಿವೇಕ.

ಊರಿಗೆ ಮರಳಿದ ಮೇಲೆ ನಮಗೆ ನೆಮ್ಮದಿ ಬರಲಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸಲಾಗಿ, ಆ ಹುಡುಗನು ಪಕ್ಕದ ಊರಿನ ಸಂತೆಬೀದಿಯಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವನೆಂದು ತಿಳಿಯಿತು. ಒಂದು ದಿವಸ ಬಸ್ಸು ಹತ್ತಿ ಹೋದೆವು. ನಲವತ್ತು ದಾಟಿದ ಆಳು, ಕಿವಿಯ ಬಳಿ ನರೆ. ಪಂಪುಸೆಟ್ಟಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದವನು ನಮ್ಮನ್ನು ಕಂಡೊಡನೆ ಎದ್ದು ನಿಂತು, "ಬನ್ನಿ ಮೇಷ್ಟ್ರೇ, ಕೂತುಕೊಳ್ಳಿ" ಎಂದು ಸ್ಟೂಲನ್ನು ಒರೆಸಿ ಹಾಕಿದನು.

ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದುವು. "ನಿನ್ನ ಪೆಟ್ಟಿಗೆಯನ್ನು ಒಡೆದದ್ದು ನಮ್ಮ ತಪ್ಪು. ಶಾಲೆ ಬಿಡುವಂತೆ ಮಾಡಿದ್ದೂ ತಪ್ಪು" ಎಂದಷ್ಟೇ ಹೇಳಿದೆವು.

ಅವನು ಕೈಯಲ್ಲಿದ್ದ ತಂತಿಯನ್ನು ಕೆಳಗಿಟ್ಟನು. "ಶಾಲೆ ಬಿಟ್ಟದ್ದು ನಿಮ್ಮಿಂದ ಅಲ್ಲ ಮೇಷ್ಟ್ರೇ. ಅಪ್ಪ ಹಾಸಿಗೆ ಹಿಡಿದರು, ಕೆಲಸಕ್ಕೆ ಸೇರಬೇಕಾಯಿತು. ಪೆಟ್ಟಿಗೆ ಒಡೆದದ್ದೂ ಹೋಗಲಿ, ನಾಲ್ಕು ದಿವಸದಲ್ಲಿ ಇನ್ನೊಂದು ಮಾಡಿಕೊಂಡೆ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದನು: "ಆದರೆ ಅದನ್ನ ಹೇಗೆ ಮಾಡಿದೆ ಅಂತ ನೀವು ಕೇಳಲೇ ಇಲ್ಲ. ಕೇಳ್ತೀರಿ ಅಂದುಕೊಂಡಿದ್ದೆ."

ನಾವು ಆಗ ಕೇಳಿದೆವು. ಅವನು ಬಿಲ್ಲಿನ ಪುಸ್ತಕದಿಂದ ಒಂದು ಹಾಳೆಯನ್ನು ಹರಿದು, ಕಿವಿಯಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲಿನಿಂದ ಚಿತ್ರ ಬರೆದು ತೋರಿಸಿದನು. ತಂತಿಯ ಎರಡು ಕೊನೆಗಳಿಗೂ ಸೈಕಲ್ಲಿನ ವಾಲ್ವ್ ಟ್ಯೂಬಿನ ರಬ್ಬರನ್ನು ತೊಡಿಸಿದ್ದನಂತೆ. ಆಟಕ್ಕೆ ಮೊದಲೂ ಕಡೆಯಲ್ಲೂ ಬಳೆಯು ಅಲ್ಲಿ ಒರಗಿ ನಿಂತಾಗ ದೀಪ ಹೊತ್ತಬಾರದಲ್ಲ, ಅದಕ್ಕಾಗಿ. ಆ ಉಪಾಯವು ಹೊಳೆಯಲು ಅವನಿಗೆ ಎರಡು ವಾರ ಹಿಡಿದಿತ್ತಂತೆ. ಪೆಟ್ಟಿಗೆಯನ್ನು ನೆಲಕ್ಕೆ ಅಪ್ಪಳಿಸಿದ ನಮ್ಮ ಕಣ್ಣಿಗೆ ಆ ರಬ್ಬರು ಬಿದ್ದೇ ಇರಲಿಲ್ಲ. ಹನ್ನೊಂದು ರೂಪಾಯಿ ಯಾತಕ್ಕೆ ಕೂಡಿಟ್ಟಿದ್ದೆಯೆಂದು ಕೇಳಿದೆವು. ಬೆಸುಗೆ ಹಾಕುವ ಕಡ್ಡಿಯನ್ನು ಕೊಳ್ಳಲು ಎಂದನು.

ಈ ಪತ್ರಿಕೆಯನ್ನು ಓದುವ ತಾಯಿತಂದೆಗಳಲ್ಲಿಯೂ ಉಪಾಧ್ಯಾಯ ಬಂಧುಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ: ಮಗುವಿನ ಕೈಯಲ್ಲಿ ಕೆಲಸಕ್ಕೆ ಬಾರದ ವಸ್ತುವೊಂದನ್ನು ಕಂಡಾಗ ಅದನ್ನು ಕಸಿದುಕೊಳ್ಳುವುದಕ್ಕೆ ಮೊದಲು, ಹೇಗೆ ಮಾಡಿದೆಯೆಂದು ಒಂದು ಮಾತು ಕೇಳಿರಿ. ತಾನು ಮಾಡಿದುದಾದರೆ ಅದು ಹೇಳುವುದು. ಅಲ್ಲವಾದರೆ ಮುಂದಿನ ವಿಚಾರವನ್ನು ಆಮೇಲೆ ಮಾಡಬಹುದು.

ಆ ಹಾಳೆಯನ್ನು ನಾವು ಪಂಚಾಂಗದಲ್ಲಿ ಇಟ್ಟುಕೊಂಡಿರುವೆವು. ಮೊಮ್ಮಗನು ಬರುವ ರಜೆಗೆ ಊರಿಗೆ ಬರುವನು. ಹಲಗೆ, ತಾಮ್ರದ ತಂತಿ, ಎರಡು ಸೆಲ್ಲು, ಒಂದು ಬಲ್ಬು ಸಿದ್ಧವಾಗಿರುವುವು. ವಾಲ್ವ್ ಟ್ಯೂಬನ್ನು ಮಾತ್ರ ಸೈಕಲ್ ಅಂಗಡಿಯಿಂದ ಇನ್ನೂ ತರಬೇಕಾಗಿದೆ.